ಇಳಿಯದ ಮುಳ್ಳು

ಕಾರಿನ ಎಣ್ಣೆ ಕಡಿಮೆಯಾದರೆ ಕಳ್ಳ ಬಂದ ಅಂತ ಊರೆಲ್ಲ ಸಾರಬಹುದು. ಹೆಚ್ಚಾದರೆ ಯಾರ ಹತ್ತಿರ ಹೋಗಿ ದೂರುವುದು? ಡಿಂಪ್ನಾಳ ಕಾರಿನ ಡೀಸೆಲ್ ಮುಳ್ಳು ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಮನೆಮನೆ ಸುತ್ತಿ, ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಮಾತ್ರೆ ನುಂಗಿಸಿ, ಕಾಲಿಗೆ ಕಾಲುಚೀಲ ಏರಿಸಿ ಬರುವವಳು ಅವಳು. ಕ್ಯಾವನ್ ಸೀಮೆಯ ಆ ಗುಡ್ಡದ ದಾರಿಗಳಲ್ಲಿ ಅಷ್ಟು ಓಡಾಡಿದ ಕಾರಿನ ಮುಳ್ಳು ಅರ್ಧದ ಹತ್ತಿರವೇ ನಿಂತಿರುತ್ತಿತ್ತು. ಮೊದಲು ಮುಳ್ಳೇ ಕೆಟ್ಟಿದೆ ಅಂದುಕೊಂಡಳು.

ಒಂದು ಭಾನುವಾರ ಟೈರಿನ ಗಾಳಿ ನೋಡೋಣ ಅಂತ ಡಿಕ್ಕಿಯ ತಳದ ಹಲಗೆ ಎತ್ತಿದಾಗ ಅವಳ ಮೂಗು ಚುರುಕಾಯಿತು. ಸ್ಟೆಪ್ನಿ ಟೈರಿನ ಪಕ್ಕ ಒಂದು ಬಿಳಿ ಪ್ಲಾಸ್ಟಿಕ್ ಲಾಳಿಕೆ ಇತ್ತು. ಅದರಿಂದ ಡೀಸೆಲ್ ವಾಸನೆ ಬರುತ್ತಿತ್ತು.

ಆ ಕಾರಿನ ಎಣ್ಣೆ ಬಾಯಿಗೆ ತಿರುಗಿಸುವ ಮುಚ್ಚಳವೇ ಇಲ್ಲ. ಪಕ್ಕದ ಪುಟ್ಟ ಬಾಗಿಲು ಒತ್ತಿದರೆ ಒಳಗೆ ಸ್ಪ್ರಿಂಗಿನ ಕವಾಟ. ಪಂಪಿನ ದಪ್ಪ ಮೂತಿ ತಳ್ಳಿದರೆ ಮಾತ್ರ ತೆರೆಯುತ್ತದೆ, ಕ್ಯಾನಿನ ಮೂತಿಗೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ದಾರಿಯಲ್ಲಿ ಎಣ್ಣೆ ಮುಗಿದು ಕ್ಯಾನಿನಿಂದ ಸುರಿಯಬೇಕಾದಾಗ ಆ ಕವಾಟ ತೆರೆಯುವುದಕ್ಕೆಂದೇ ಈ ಲಾಳಿಕೆ ಕೊಟ್ಟಿರುತ್ತಾರೆ. ಡಿಂಪ್ನಾ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಅಂದರೆ ಬೇರೆ ಯಾರೋ ಕ್ಯಾನ್ ತಂದು ಸುರಿಯುತ್ತಿದ್ದಾರೆ.

ಯಾರು ಅಂತ ಯೋಚಿಸಬೇಕಾಗಿಯೂ ಬರಲಿಲ್ಲ. ಅವಳ ಕಾರು ತುಂಬಾ ಹೊತ್ತು ನಿಲ್ಲುವುದು ಒಂದೇ ಕಡೆ, ಸಂಜೆ ಕೊನೆಗೆ ಹೋಗುವ ಹನೋರಾ ಅಜ್ಜಿಯ ಅಂಗಳದಲ್ಲಿ. ಅಜ್ಜಿಯ ಮಗ ಫರ್ಗಲ್ ಹಾಲು ಕರೆದು ಬರುವವರೆಗೆ, ಕೆಲಸದ ಹೊತ್ತು ಮುಗಿದಿದ್ದರೂ, ಅವಳು ಅಜ್ಜಿಯ ಜೊತೆ ಕೂತಿರುತ್ತಿದ್ದಳು. ಆ ಅಂಗಳದ ಮೂಲೆಯಲ್ಲೇ ಟ್ರ್ಯಾಕ್ಟರಿನ ಹಸಿರು ಡೀಸೆಲ್ ತೊಟ್ಟಿ. ತೆರಿಗೆ ಕಡಿಮೆ ಅಂತ ಸರ್ಕಾರ ಗುರುತಿಗೆ ಹಸಿರು ಬಣ್ಣ ಹಾಕಿ ಕೊಡುವ ಎಣ್ಣೆ ಅದು, ಹೊಲಕ್ಕೆ ಮಾತ್ರ. ಕಾರಿನಲ್ಲಿ ಅದರ ಹನಿ ಸಿಕ್ಕರೂ ಸುಂಕದವರು ಕಾರನ್ನೇ ಎತ್ತಿಕೊಂಡು ಹೋಗುತ್ತಾರೆ. ಕಾರಿಲ್ಲದಿದ್ದರೆ ಡಿಂಪ್ನಾಗೆ ಈ ಕೆಲಸವೂ ಇಲ್ಲ, ಊಟವೂ ಇಲ್ಲ.

"ಉಪಕಾರ ಮಾಡೋಕೆ ಹೋಗಿ ನನ್ನ ಕುತ್ತಿಗೆಗೇ ತರ್ತಾನೆ," ಅಂತ ಗೊಣಗುತ್ತಾ ಆ ಲಾಳಿಕೆಯನ್ನು ಪಾತ್ರೆ ತೊಳೆಯುವ ಹಸಿರು ಸೋಪಿನಲ್ಲಿ ಗಸಗಸ ತಿಕ್ಕಿ, ಸರಿಯಾಗಿ ನೀರು ಹಾಯಿಸುವ ತಾಳ್ಮೆಯೂ ಇಲ್ಲದೆ ಮತ್ತೆ ಡಿಕ್ಕಿಗೆ ಎಸೆದಳು. ಮಾರನೆಯ ದಿನದಿಂದ ಕಾರಿಗೆ ಬೀಗ ಹಾಕತೊಡಗಿದಳು. ಕಾರಿಗೆ ಬೀಗ ಬಿದ್ದರೆ ಆ ಪುಟ್ಟ ಬಾಗಿಲಿಗೂ ಬೀಗ.

ಪಕ್ಕದವರ ಅಂಗಳದಲ್ಲಿ ಕಾರಿಗೆ ಬೀಗ ಹಾಕುವವರು ಆ ಊರಿನಲ್ಲಿಲ್ಲ. ಹಾಕಿದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಹನೋರಾ ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ನಾಯಿಯದು.

"ಅದೇನೇ ಅದು, ಕ್ಲಿಕ್ ಅಂತು?"

"ಬೀಗ, ಅಜ್ಜಿ. ತಾನಾಗೇ ಬೀಳತ್ತೆ."

"ಹೋದ ವಾರ ಬೀಳ್ತಿರ್ಲಿಲ್ಲ."

"ಈಗ ಬೀಳತ್ತೆ."

"ನಮ್ಮ ಹಸುಗಳಿಗೆ ಡ್ರೈವಿಂಗ್ ಬರಲ್ಲ ಕಣೇ," ಅಂದಳು ಅಜ್ಜಿ.

ಅವತ್ತು ಫರ್ಗಲ್ ಬೂಟಿನ ಕೆಸರು ಬಾಗಿಲಿಗೆ ಕೆರೆಯುತ್ತಾ ಒಳಗೆ ಬಂದ.

"ಕಾರು ಲಾಕ್ ಮಾಡಿದ್ಯಾ?"

"ಯಾಕೆ? ಕಾರಲ್ಲಿ ಏನಾದ್ರೂ ಬೇಕಿತ್ತಾ?"

"ಇಲ್ಲಪ್ಪ. ನಂಗೇನು ಬೇಕು."

ಆ 'ಇಲ್ಲಪ್ಪ'ದಲ್ಲೇ ಅವಳಿಗೆ ಎಲ್ಲ ಖಾತ್ರಿಯಾಯಿತು. ಅವನ ಕಿವಿ ಕೆಂಪಾಗಿತ್ತು. ಕೇಕ್ ಕತ್ತರಿಸಲಾ ಅಂತ ಕೇಳಿದ. ಎಂದಿನಂತೆ ಅವಳು ಬೇಡ ಅಂದಳು, ಮತ್ತೆ ಕೇಳಿದ, ಮತ್ತೆ ಬೇಡ ಅಂದಳು. ಅವಳು ಹ್ಞೂಂ ಅನ್ನುತ್ತಿದ್ದದ್ದು ಮೂರನೆಯ ಸಲಕ್ಕೆ, ಅವತ್ತು ಮೂರನೆಯ ಸಲ ಅವನು ಕೇಳಲೇ ಇಲ್ಲ.

ದನದ ಸಂತೆಯ ದಿನ ಸುಂಕದವರು ಸಂತೆ ರಸ್ತೆಯ ತಿರುವಿನಲ್ಲೇ ನಿಂತಿದ್ದರು. ಡಿಂಪ್ನಾಗೆ ಕಾರು ಹಿಂದಕ್ಕೆ ತಿರುಗಿಸಲು ಜಾಗವಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಬೆನ್ನಿಗೇ ಫರ್ಗಲ್‌ನ ಗಾಡಿ, ಹಿಂದಿನ ಟ್ರೇಲರಿನಲ್ಲಿ ಕರುಗಳು ಕೂಗುತ್ತಿದ್ದವು.

ಹಳದಿ ಕೋಟಿನ ಅಧಿಕಾರಿಣಿ ಪುಟ್ಟ ಬಾಗಿಲು ಒತ್ತಿ, ಕೊಳವೆ ತೂರಿಸಲು ನೋಡಿದಳು. ಕವಾಟ ಬಿಡಲಿಲ್ಲ.

"ಇದು ಮುಚ್ಚಳ ಇಲ್ಲದ್ದು. ಲಾಳಿಕೆ ಇದ್ಯಾ ಮೇಡಂ?"

ಡಿಂಪ್ನಾ ಕೊಟ್ಟಳು. ಅಧಿಕಾರಿಣಿ ಅದರೊಳಗೆ ಇಣುಕಿ, ಬೆರಳಾಡಿಸಿ, ಬೆರಳನ್ನು ಎತ್ತಿ ತೋರಿಸಿದಳು. ಹಸಿರು.

"ಇದೇನು?"

"ಪಾತ್ರೆ ತೊಳೆಯೋ ಸೋಪು."

"ಏನೇನೋ ಕೇಳಿದೀನಿ. ಸೋಪು ಮಾತ್ರ ಇದೇ ಮೊದಲು. ಲಾಳಿಕೆ ಯಾಕೆ ತೊಳೆದ್ರಿ?"

ಸುತ್ತ ಗಾಡಿಗಳ ಗಾಜುಗಳು ಒಂದೊಂದಾಗಿ ಇಳಿಯುತ್ತಿದ್ದವು. ಏನಾಯಿತು ನೋಡೋಣ ಅಂತ ಫರ್ಗಲ್ ಇಳಿದು ಬಂದಿದ್ದ.

"ನನ್ನ ಕೇಳ್ಬೇಡಿ," ಅಂದುಬಿಟ್ಟಳು. "ಇವನನ್ನ ಕೇಳಿ. ನಂಗೆ ಗೊತ್ತಾಗದ ಹಾಗೆ ಸುರಿಯೋನು ಇವನೇ. ಇವನಂಗಳದಲ್ಲಿ ತೊಟ್ಟಿ ಇದೆ."

ಫರ್ಗಲ್ ತಲೆಯ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

ಅಧಿಕಾರಿಣಿ ಬೇರೊಂದು ಲಾಳಿಕೆ ತಂದು, ಅದರೊಳಗಿಂದ ಕೊಳವೆ ಇಳಿಸಿ, ಗಾಜಿನ ನಳಿಗೆಯಷ್ಟು ಎಣ್ಣೆ ಮೇಲೆಳೆದಳು. ಮೋಡದ ಬೆಳಕಿಗೆ ಹಿಡಿದಳು. ಹಾಲು ಹಾಕದ ತಿಳಿ ಚಹಾದ ಬಣ್ಣ. ಏನೋ ಹನಿ ಹಾಕಿ ಅಲ್ಲಾಡಿಸಿದಳು. ಬಣ್ಣ ಹಾಗೇ ಇತ್ತು.

"ಶುದ್ಧವಾಗಿದೆ. ಹೊರಡಿ. ಲಾಳಿಕೆ ಮಾತ್ರ ಇನ್ನೊಂದ್ಸಲ ತೊಳೀರಿ."

ರಸ್ತೆ ಬದಿಗೆ ಕಾರು ಹಾಕಿ ಡಿಂಪ್ನಾ ಕಾದಳು. ಫರ್ಗಲ್‌ನ ಗಾಡಿ ತಪಾಸಣೆ ಮುಗಿಸಿ ಪಕ್ಕಕ್ಕೆ ಬಂದು ನಿಂತಿತು. ಅವನು ಗಾಜು ಇಳಿಸಿದ.

"ಎಲ್ಲಿಂದ ತರ್ತಿದ್ದೆ?" ಅಂದಳು.

"ಚರ್ಚ್ ಹತ್ತಿರದ ಪಂಪಿಂದ. ನೀನು ಹಾಕಿಸ್ಕೊಳ್ಳೋದೂ ಅಲ್ಲೇ ಅಲ್ವಾ." ಅವನು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. "ನಮ್ಮಮ್ಮನ್ನ ನೋಡ್ಕೊಳ್ಳೋಳ ಕಾರಿಗೆ ಟ್ರ್ಯಾಕ್ಟರ್ ಎಣ್ಣೆ ಹಾಕ್ತೀನಾ?"

"ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ತಗೋತಿದ್ಯಾ? ಒಂದು ಚೂರು ಕೇಕ್ ತಿನ್ನಿಸೋಕೆ ಮೂರು ಸಲ ಕಾಲಿಗೆ ಬೀಳ್ಬೇಕು ನಿಂಗೆ." ಗಾಜು ಏರಿತು. ಕರುಗಳು ಕೂಗುತ್ತಾ ಹೋದವು.

ಆ ಸಂಜೆ ಆ ಮನೆಗೆ ಹೋಗುವುದಕ್ಕೆ ಅವಳಿಗೆ ಮುಖವಿರಲಿಲ್ಲ. ಹೋಗದಿದ್ದರೆ ಅಜ್ಜಿಗೆ ಮಾತ್ರೆ ಕೊಡುವವರಿಲ್ಲ. ಹೋದಳು. ಕಾರಿಗೆ ಬೀಗ ಹಾಕಲಿಲ್ಲ.

"ಕ್ಲಿಕ್ ಕೇಳ್ಲಿಲ್ಲ," ಅಂದಳು ಅಜ್ಜಿ.

"ಕೆಟ್ಟೋಯ್ತು, ಅಜ್ಜಿ."

"ಒಳ್ಳೇದೇ ಆಯ್ತು ಬಿಡು."

ದಿನಗಳು ಹೋದವು. ಮುಳ್ಳು ಈಗ ಎಲ್ಲರ ಕಾರಿನ ಮುಳ್ಳಿನಂತೆ ಇಳಿಯುತ್ತಾ ಬಂತು. ಫರ್ಗಲ್ ಬರುತ್ತಿದ್ದ, ಕೈ ತೊಳೆಯುತ್ತಿದ್ದ, ಹವಾಮಾನದ ಮಾತಾಡುತ್ತಿದ್ದ. ಕೇಕಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಎಣ್ಣೆ ಮುಗಿಯುತ್ತಿದೆ ಅಂತ ಕಾರಿನ ಕೆಂಪು ದೀಪ ಹೊತ್ತಿಕೊಂಡ ಸಂಜೆ, ಬಾಯಿ ತಪ್ಪಿಯೋ ಹಳೆಯ ಚಾಳಿಯಿಂದಲೋ, ಅವನು ಕೇಳಿದ: "ಕೇಕ್ ಕತ್ತರಿಸ್ಲಾ?"

"ಕತ್ತರಿಸು," ಅಂದಳು ಡಿಂಪ್ನಾ.

ಅವನ ಕೈಯ ಚಾಕು ಹಾಗೇ ನಿಂತಿತು. ಅಜ್ಜಿಯೂ ಈ ಕಡೆ ತಿರುಗಿದಳು. ಫರ್ಗಲ್ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಮೊದಲ ಸಲಕ್ಕೇನಾ? ಏನು ಸಮಾಚಾರ? ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ. ದಪ್ಪ ಚೂರು ಕೊಡು. ಆಮೇಲೆ ಕ್ಯಾನಲ್ಲಿ ಏನಾದ್ರೂ ಉಳಿದಿದ್ರೆ ಕೊಡು, ಮನೆ ತನಕ ಮುಟ್ಟಲ್ಲ ನನ್ನ ಕಾರು."

ಅವನು ಇನ್ನೂ ಅನುಮಾನದಿಂದಲೇ ನೋಡುತ್ತಾ ಚಾಕುವನ್ನು ಕೇಕಿಗೆ ಇಳಿಸಿದ. "ಲಾಳಿಕೆ ಎಲ್ಲಿದೆ?"

"ಇದ್ದಲ್ಲೇ ಇದೆ. ಸೋಪು ಹೋಗೋ ಹಾಗೆ ತೊಳೆದಿದೀನಿ."