ಪಪ್ಪ ಬರುವವರೆಗೆ ಬಿಸು ಇಲ್ಲ

ತುಳುವರ ಹೊಸ ವರ್ಷವಾದ ಬಿಸುವಿನ ದಿನ ಬೆಳಿಗ್ಗೆ ಏಳಾದರೂ ರೈಲು ಪಯ್ಯನ್ನೂರು ದಾಟಿರಲಿಲ್ಲ. ಐದಕ್ಕೇ ಮಂಜೇಶ್ವರದಲ್ಲಿಳಿದು, ಬೆಳಕು ಹರಿಯುವ ಮೊದಲು ವರ್ಕಾಡಿಯ ಮನೆ ಸೇರಬೇಕಾಗಿದ್ದ ಗುಣಪಾಲ ಡಬ್ಬಿಯ ಬಾಗಿಲಲ್ಲಿ ನಿಂತು ಇಂಜಿನ್ನಿಗೆ ಹಿಡಿಶಾಪ ಹಾಕುತ್ತಿದ್ದ.

ಮಾಲ್ದೀವ್ಸಿನ ದ್ವೀಪವೊಂದರಲ್ಲಿ ಗಣಿತ ಕಲಿಸುವ ಮೇಷ್ಟ್ರಿಗೆ ಬಿಸುವಿನ ರಜೆ ಎಲ್ಲಿಂದ ಬರಬೇಕು? ಕಳೆದ ವರ್ಷ ಮಗಳು ಪೂಜಾಶ್ರೀ ಬಿಸುವಿನ ಬೆಳಿಗ್ಗೆ ಎದ್ದೊಡನೆ ಮೊದಲು ನೋಡಬೇಕಾದ ಕಣಿಯನ್ನು ಫೋನಿನಲ್ಲಿ ಅಪ್ಪನಿಗೆ ತೋರಿಸಲು ಹೊರಟಾಗ ನೆಟ್‌ವರ್ಕ್ ಕೈಕೊಟ್ಟಿತ್ತು. ಅವನು ಕಂಡದ್ದು ಹೆಂಡತಿ ಸುಂದರಿಯ ಕಾಲಿನ ಹೆಬ್ಬೆರಳು ಮಾತ್ರ! ಮಗು ಬಿಕ್ಕಿ ಬಿಕ್ಕಿ ಅತ್ತಿತ್ತು. "ಬರುವ ಬಿಸುವಿಗೆ ನಾನೇ ಬಂದು, ನಿನ್ನ ಕಣ್ಣು ಮುಚ್ಚಿ, ಕಣಿಯ ಮುಂದೆ ಕರ್ಕೊಂಡು ಹೋಗ್ತೇನೆ" ಎಂದು ಅವನು ಮಾತು ಕೊಟ್ಟಿದ್ದ. ಏಳು ವರ್ಷದ ಮಕ್ಕಳು ಇಂಥದ್ದನ್ನು ಮರೆಯುತ್ತಾರೆಯೇ? ಹೆಡ್ಮಾಸ್ಟರ ಕೈಕಾಲು ಹಿಡಿದು ನಾಲ್ಕು ದಿನದ ರಜೆ ಪಡೆದು, ದೋಣಿ, ವಿಮಾನ, ರೈಲು ಎಂದು ರೆಪ್ಪೆ ಮುಚ್ಚದೆ ಬಂದಿದ್ದ.

ಸುಂದರಿಯ ಫೋನ್ ಬಂತು. "ಎಲ್ಲಿದ್ದೀರಿ? ಇವಳಿಗೆ ಐದಕ್ಕೇ ಎಚ್ಚರ ಆಗಿದೆ. ಪಪ್ಪ ಬಾರದೆ ಕಣ್ಣು ಬಿಡುವುದಿಲ್ಲ ಅಂತ ಒಂದೇ ಹಠ."

"ನೀನೇ ತೋರಿಸಿಬಿಡು ಮಾರಾಯ್ತಿ. ಪಾಪ ಅದು."

"ನಾನು ಹೇಳದೆ ಇದ್ದೇನಾ? ಪಪ್ಪ ಸುಳ್ಳು ಹೇಳುವುದಿಲ್ಲವಂತೆ."

ಗುಣಪಾಲ ಮತ್ತೆ ಬಾಗಿಲಿನಿಂದ ತಲೆ ಹೊರಹಾಕಿ ಮುಂದಿನ ಹಳಿ ನೋಡಿದ.

ಅಂತೂ ಇಂತೂ ಆಟೋ ಅಂಗಳ ಮುಟ್ಟುವಾಗ ಹತ್ತೂವರೆ. ತಾಯಿ ಸತ್ಯವತಿ ಜಗಲಿಯಲ್ಲೇ ಕಾದಿದ್ದಳು. "ಬಂದನಾ ದೊರೆ! ಕಣಿ ಬೆಳಿಗ್ಗೆ ನೋಡುವುದೋ, ಮಧ್ಯಾಹ್ನದ ಊಟಕ್ಕೋ?" ಎಂದು ಗದರಿಸುತ್ತಲೇ ಸೆರಗಿನಿಂದ ಮಗನ ಬೆವರು ಒರೆಸಿದಳು.

ಒಳಗೆ ಪೂಜಾಶ್ರೀ ಮೂಗು ಸುಕ್ಕುಗಟ್ಟುವಷ್ಟು ಬಿಗಿಯಾಗಿ ಕಣ್ಣು ಮುಚ್ಚಿ ಚಾಪೆಯಲ್ಲಿ ಮಲಗಿದ್ದಳು. ಗುಣಪಾಲನ ಅಂಗೈ ಕಣ್ಣಿನ ಮೇಲೆ ಮುಟ್ಟಿದ್ದೇ ತಡ, "ಪಪ್ಪ!" ಎಂದು ಚೀರಿದಳು. ಅವನು ಮೆಲ್ಲ ಕಣಿಯ ಮುಂದೆ ನಡೆಸಿಕೊಂಡು ಹೋಗಿ ಕೈ ತೆಗೆದ. ದೀಪ, ಅಕ್ಕಿ, ಹೊಂಬಣ್ಣದ ಸೌತೆಕಾಯಿ, ಕಕ್ಕೆ ಹೂ. ನಡುವೆ ಇಟ್ಟ ಕನ್ನಡಿಯಲ್ಲಿ ಅವಳ ಮುಖ, ಅದರ ಮೇಲೆ ಗಡ್ಡ ಬೆಳೆದ ಅಪ್ಪನ ಮುಖ. ಕನ್ನಡಿಯಲ್ಲೇ ಇಬ್ಬರೂ ನಕ್ಕರು.

"ಪಪ್ಪ, ನಿಮ್ಮ ಕಣಿ?"

"ನನ್ನದು ರೈಲಲ್ಲೇ ಆಯ್ತು ಮಗಾ. ಚಾ ಮಾರುವವನ ಮುಖ."

"ರೈಲಲ್ಲಿ ನಿದ್ದೆ ಮಾಡಿದ್ರಾ?"

"ಎಲ್ಲಿಯ ನಿದ್ದೆ!"

"ಹಾಗಾದ್ರೆ ನೀವು ಇನ್ನೂ ಎದ್ದೇ ಇಲ್ಲ. ಮಲಗಿ ಏಳಿ. ನಾನು ತೋರಿಸ್ತೇನೆ."

ಗುಣಪಾಲ ತಾಯಿಯ ಮುಖ ನೋಡಿದ. "ಎದ್ದು ಮೊದಲು ನೋಡುವುದೇ ಕಣಿಯಲ್ಲವಾ? ಅವಳು ಹೇಳುವುದು ಸರಿಯೇ ಉಂಟು" ಎಂದು ಸತ್ಯವತಿ ತೀರ್ಪು ಕೊಟ್ಟಳು.

ಎರಡು ನಿಮಿಷದ ಆಟವೆಂದು ಅವನು ಚಾಪೆಯಲ್ಲಿ ಒರಗಿದ. ಬೆನ್ನು ನೆಲ ಕಂಡದ್ದೇ ಗೊರಕೆ ಶುರುವಾಯಿತು.

ಎಚ್ಚರವಾದಾಗ ಕತ್ತಲೆ. ಎರಡು ಪುಟ್ಟ ಅಂಗೈಗಳು ಬೆವರಿ ಕಣ್ಣಿಗೆ ಅಂಟಿದ್ದವು.

"ಬಿಡ್ಬಾರ್ದು! ಕಣ್ಣು ಬಿಡ್ಬಾರ್ದು!"

"ಗಂಟೆ ಎಷ್ಟು?"

"ಮೂರೂವರೆ," ಸುಂದರಿಯ ದನಿ. "ಅವಳು ಕೈ ತೆಗೆಯಲೇ ಇಲ್ಲ. ಊಟ ನಾನೇ ಬಾಯಿಗಿಟ್ಟದ್ದು. ದೀಪಕ್ಕೆ ಮೂರು ಸಲ ಎಣ್ಣೆ ಹೊಯ್ದದ್ದಾಯ್ತು."

ಮಗಳ ಕೈಗೆ ಎಟುಕಲೆಂದು ಗುಣಪಾಲ ಮೊಣಕಾಲಲ್ಲೇ ನಡೆದ. ಕಣಿಯ ಮುಂದೆ ಬಂದರೂ ಅವಳು ಕೈ ತೆಗೆಯಲಿಲ್ಲ, ಅಂಗೈ ಈಗ ಇನ್ನಷ್ಟು ಒದ್ದೆಯಾಗಿತ್ತು.

"ಪಪ್ಪ, ಮೊದಲು ಅಳುವುದು ನಿಲ್ಲಿಸಿ," ಎಂದಳು. "ಇಲ್ಲದಿದ್ರೆ ಕಣಿ ಸರಿ ಕಾಣುವುದಿಲ್ಲ."