ಮಡಚದ ಕಾಲು

ನಿಜಾಮನ ಸರ್ಕಾರ ಬಿದ್ದ ಮರುವರ್ಷ ನಾನೂ ಬಿದ್ದೆ. ಮಸ್ಕಿಯ ನಮ್ಮ ಮನೆಯ ಮಾಳಿಗೆಯಿಂದ ಇಳಿಯುವಾಗ ನಿಚ್ಚಣಿಕೆ ಜಾರಿ, ತೊಡೆ ಸಂದಿನ ಎಲುಬು ಮುರಿಯಿತು. ಬಿದ್ದವಳು ನಾನು, ನೋವು ನನ್ನದು. ಬಂದವರೆಲ್ಲ ಮಾತ್ರ ನನ್ನ ಮಗ ಹಂಪಣ್ಣನ ಮುಖ ನೋಡಿ ಲೊಚಗುಟ್ಟಿದರು. ಈ ವಯಸ್ಸಿನಲ್ಲಿ ಸೊಂಟ ಮುರಿದವರು ಏಳುವುದಿಲ್ಲವಂತೆ. ಅವರ ಬಾಯಿಗೆ ಮಣ್ಣು ಹಾಕ.

ಲಿಂಗಸುಗೂರಿನಿಂದ ಎಲುಬು ಕಟ್ಟುವ ನಬೀಸಾಬ್ ಬಂದರು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ, ಅತ್ತಿತ್ತ ಉಸುಕಿನ ಚೀಲವಿಟ್ಟು, ಪಾದಕ್ಕೆ ಬಿಗಿದ ಹಗ್ಗದ ತುದಿಗೊಂದು ಕಲ್ಲು ಕಟ್ಟಿ ಮಂಚದಾಚೆ ಇಳಿಬಿಟ್ಟರು. ಕಾಲು ನೆಟ್ಟಗಿದ್ದರೆ ಎಲುಬು ಬೆಸೆದೀತು, ಕಲ್ಲು ಬಿಚ್ಚಿದರೆ ಇಲ್ಲ ಎಂದರು. ಬೆಸೆದರೂ ಕಾಲು ಮೊದಲಿನಂತೆ ಮಡಚಲಿಕ್ಕಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಆ ಮಾತು ನನ್ನ ಭಾವ ಅಮರಗುಂಡಪ್ಪನವರ ನಿದ್ದೆ ಕೆಡಿಸಿತು. ನಮ್ಮಲ್ಲಿ ಸತ್ತವರನ್ನು ಕಾಲು ಮಡಚಿ, ಕೈಯಲ್ಲಿ ಲಿಂಗ ಕೊಟ್ಟು, ಕುಣಿಯಲ್ಲಿ ಕುಳ್ಳಿರಿಸುತ್ತಾರೆ. ಕಾಲು ಮಡಚದ ಹೆಣವನ್ನು ಕುಳ್ಳಿರಿಸುವುದು ಹೇಗೆ? ಮಹಾನುಭಾವರು! ನಾನಿನ್ನೂ ಗಂಜಿ ಕುಡಿಯುತ್ತಿದ್ದೆ, ಅವರು ಆಗಲೇ ನನ್ನನ್ನು ಕುಣಿಗೆ ಇಳಿಸಿಯಾಗಿತ್ತು. ಹೇಗೂ ಹೋಗುವ ಜೀವ, ಕಲ್ಲು ಬಿಚ್ಚಿ ಕಾಲು ಮಡಚಿ ಕಟ್ಟಿಬಿಡು ಎಂದು ಹಂಪಣ್ಣನಿಗೆ ಅಪ್ಪಣೆ ಮಾಡಿದರು. ದೊಡ್ಡಪ್ಪನ ಮಾತು ಮೀರದ ನನ್ನ ಮಗ ಹಗ್ಗಕ್ಕೆ ಕೈ ಹಾಕಿದ.

ಅಲ್ಲಿಯವರೆಗೆ ಭಾವನೆದುರು ನಾನು ದನಿ ತೆಗೆದವಳಲ್ಲ. ಅಂದು ತೆಗೆದೆ.

"ಕೈ ತಗಿ ಹಂಪ್ಯಾ. ನಾ ಇನ್ನಾ ಉಸುರಾಡಾಕತ್ತೀನಿ. ಈ ಕಾಲು ಕುಣ್ಯಾಗ ಕುಂದ್ರಾಕ ಅಲ್ಲ, ಅಂಗಳದಾಗ ನಿಂದ್ರಾಕ."

ಅವನ ಕೈ ಹಗ್ಗದ ಮೇಲೆಯೇ ಇತ್ತು. ಸೊಸೆ ಗ್ಯಾನಮ್ಮ ಒಳಗಿನಿಂದ ಬಂದು ಅವನ ಕೈ ಸರಿಸಿ, ಆ ಕಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಭಾವ ಎದ್ದು ಹೋಗುವವರೆಗೂ ಏಳಲಿಲ್ಲ.

ಆಮೇಲಿನದೆಲ್ಲ ಅವಳ ದುಡಿತ. ಹುಣ್ಣಾಗದಂತೆ ಹೊತ್ತುಹೊತ್ತಿಗೆ ಬೆನ್ನೆತ್ತಿ ಒರೆಸಿ ಕುಸುಬಿ ಎಣ್ಣೆ ಸವರಿದಳು. ಹೇಲು ಉಚ್ಚೆ ಬಳಿದಳು. ನಾನು ಬೈದರೆ ತಿರುಗಿ ಬೈದಳು. ಒಮ್ಮೆ ನಾಚಿಕೆ ತಡೆಯಲಾರದೆ ಅತ್ತುಬಿಟ್ಟೆ. ಅಳುವುದಾದರೆ ಕಾಲು ಅಲುಗಿಸದೆ ಅಳಬೇಕೆಂದು ಗದರಿಸಿ, ಸೆರಗಿನಿಂದ ನನ್ನ ಮೂಗು ಒರೆಸಿದಳು.

ಜೋಳದ ಸುಗ್ಗಿಗೆ ನಬೀಸಾಬ್ ಬಂದು ಕಲ್ಲು ಬಿಚ್ಚಿದರು. ಗ್ಯಾನಮ್ಮನ ಹೆಗಲು ಹಿಡಿದು ನಿಂತೆ. ತಲೆ ತಿರುಗಿತು, ಜೀವ ಹೋದಷ್ಟು ನೋವಾಯಿತು, ಆದರೂ ಮಂಚಕ್ಕೆ ಮರಳಲು ಒಪ್ಪಲಿಲ್ಲ. ಕೋಲೂರುತ್ತ ಅಂಗಳಕ್ಕೆ ಬಂದೆ, ಕೆಲವು ವಾರಕ್ಕೆ ಓಣಿಗೆ ಇಳಿದೆ. ಕಡೆಗೊಂದು ಮುಂಜಾನೆ ಭಾವನ ಮನೆಯ ಕಟ್ಟೆ ಮುಟ್ಟಿದೆ. ಅವರು ಗಾಬರಿಯಾಗಿ ಕಂಬಳಿ ಹಾಸಿ, ಕೂಡ್ರಲು ಹೇಳಿದರು.

ಕಾಲು ಮಡಚಿದರೆ ತಾನೆ? ನಿಂತೇ ಹೇಳಿದೆ:

"ನನಗ ಕುಂದ್ರಾಕ ಬರಂಗಿಲ್ರೀ ಭಾವಾರ. ಅದಕ್ಕ ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ಹೋದಾಗ ಕುಣಿ ಆಳುದ್ದ ತೋಡಸ್ರಿ. ನಿಂತಕೊಂಡ ಹೋಗ್ತೀನಿ."