ಪಿಕಪ್ಪಿಗೆ ಮೆಟ್ಟಿಲು

ಪಂಪ್ ಮೆಕ್ಯಾನಿಕ್ ತನ್ನ ಪಿಕಪ್ಪನ್ನು ಗ್ಯಾರೇಜಿಗೆ ತಂದದ್ದು ರಾಕ್ ಸ್ಲೈಡರ್ ಹಾಕಿಸಲು. ಕಲ್ಲುಗಣಿಗಳಲ್ಲಿ ನೀರೆತ್ತುವ ಪಂಪು ಕೆಟ್ಟರೆ ಅವನೇ ಹೋಗಬೇಕು. ಹೋದ ವಾರ ಗಣಿಯ ದಾರಿಯಲ್ಲಿ ಬಂಡೆಯೊಂದು ಬಾಗಿಲ ಕೆಳಗಿನ ತಗಡನ್ನು ಒಳಕ್ಕೆ ಒತ್ತಿಬಿಟ್ಟಿತ್ತು. ಬೇರೆಯವರಾಗಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಇವನು ನೋಡಿದ, ಗಾಡಿ ಹತ್ತಿದ, ಮನೆಗೆ ಬಂದ. ಹೆಂಡತಿ ಸತ್ತು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅವನಿಗೆ ಯಾವುದೂ ತಟ್ಟುತ್ತಿರಲಿಲ್ಲ, ಅಳುವೂ ಬಂದಿರಲಿಲ್ಲ.

ಜೊತೆಗೆ ಅತ್ತೆ ಬಂದಿದ್ದರು, ಮಂಡಿನೋವಿನ ಮಾತ್ರೆ ಕೊಳ್ಳಲು. ಭಾನುವಾರ ಅವರು ಮಗನ ಮನೆಗೆ ಹೊರಡುವವರು, ಇನ್ನು ಅಲ್ಲೇ. ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆ-ಅಳಿಯ ಒಬ್ಬರೊಡನೊಬ್ಬರು ನೇರವಾಗಿ ಮಾತಾಡಿದವರೇ ಅಲ್ಲ. ಜಗಳವೇನಿಲ್ಲ, ಸಂಕೋಚ ಅಷ್ಟೆ. "ಅವರಿಗೆ ಊಟ ಆಯ್ತಾ ಕೇಳು", "ಅಮ್ಮನಿಗೆ ಹೇಳು, ಮಳೆ ಬರೋ ಹಾಗಿದೆ" ಎಂದು ಎಲ್ಲ ಮಾತೂ ಅವನ ಹೆಂಡತಿಯ ಮೂಲಕವೇ. "ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಎಂದು ಅವಳು ನಗುತ್ತಿದ್ದಳು. ಅವಳು ಹೋದ ಮೇಲೆ ಅತ್ತೆ ಮನೆಯ ಬೆಕ್ಕಿಗೆ ಹೇಳುತ್ತಿದ್ದರು, ಅಳಿಯ ಕೇಳಿಸಿಕೊಳ್ಳುತ್ತಿದ್ದ. ಹೊರಡುವ ಸುದ್ದಿಯನ್ನೂ ಬೆಕ್ಕಿಗೇ ಹೇಳಿದ್ದು. ಇರಿ ಅನ್ನಬೇಕೆಂದು ಅವನಿಗೆ ಅನ್ನಿಸಿತ್ತು. ಆದರೆ ಬೆಕ್ಕಿಗೆ ಹೇಳುವ ಮಾತೇ ಅದು?

ಗ್ಯಾರೇಜಿನ ಮೇಸ್ತ್ರಿ ಅತ್ತೆ ಇಳಿಯುವುದನ್ನೇ ನೋಡುತ್ತಿದ್ದ. ಪಿಕಪ್ಪು ಎತ್ತರ, ಅವರು ಕುಳ್ಳು. ಮೊದಲೆಲ್ಲ ಮಗಳು ಹಿಡಿದು ಇಳಿಸುತ್ತಿದ್ದಳು. ಈಗ ಬಾಗಿಲು ಹಿಡಿದು, ಒಂದು ಕಾಲನ್ನು ಗಾಳಿಯಲ್ಲಿ ತಡಕಾಡಿಸಿ, ದೇವರ ಮೇಲೆ ಭಾರ ಹಾಕಿ ಇಳಿದರು. ಅಳಿಯ ಬೇರೆ ಕಡೆ ಮುಖ ಮಾಡಿ ನಿಂತಿದ್ದ.

"ಸಾರ್, ಸ್ಲೈಡರ್ ಅಂದ್ರೆ ದಪ್ಪ ಪೈಪು, ಬಾಗಿಲ ಕೆಳಗೆ ಚಾಸಿಗೇ ಬಿಗಿಯೋದು. ಗಾಡಿ ಬಂಡೆ ಮೇಲೆ ಕೂತ್ರೂ ತಡ್ಕೊಳ್ಳುತ್ತೆ. ಆದ್ರೆ ಎತ್ತರದಲ್ಲಿರುತ್ತೆ, ವಯಸ್ಸಾದವರಿಗೆ ಕಾಲು ಎಟುಕಲ್ಲ. ಮೆಟ್ಟಿಲಾದ್ರೆ ಕೆಳಗಿರುತ್ತೆ. ಹತ್ತೋಕೆ ಸುಖ, ಆದ್ರೆ ಕಲ್ಲಿಗೆ ಮೊದಲು ಬಡಿಯೋದೂ ಅದೇ. ಮನೇಲಿ ಎಷ್ಟು ಜನ?"

"ಮೂರು," ಎಂದ ಅಳಿಯ. ಬಾಯಿಗೆ ಅದೇ ರೂಢಿ.

"ಇಬ್ಬರು," ಎಂದರು ಅತ್ತೆ, ಮೇಸ್ತ್ರಿಗೆ. "ಭಾನುವಾರದಿಂದ ಒಬ್ಬರೇ ಅಂತ ಹೇಳಪ್ಪ ಅವರಿಗೆ."

"ಒಬ್ಬರೇ ಅಂದ್ರೆ ಸ್ಲೈಡರ್ ಸಾರ್. ಕಣ್ಣು ಮುಚ್ಚಿಕೊಂಡು ಹಾಕಿಸಿ."

"ಮೆಟ್ಟಿಲು ಹಾಕಿ," ಎಂದ ಅವನು.

"ಅವರಿಗ್ಯಾಕಂತೆ ಮೆಟ್ಟಿಲು, ಕೇಳು. ಕಾಲು ನೆಟ್ಟಗಿವೆಯಲ್ಲ."

ಮೇಸ್ತ್ರಿ ಪಾಪ, ಇವರ ಮುಖ ನೋಡಿದ, ಅವರ ಮುಖ ನೋಡಿದ, ಟೇಪು ತರ್ತೀನಿ ಎಂದು ಒಳಕ್ಕೆ ಜಾರಿಕೊಂಡ. ಇನ್ನು ನಡುವೆ ಯಾರೂ ಇರಲಿಲ್ಲ.

"ಹೋಗಬೇಡಿ," ಎಂದ ಅವನು.

ಅತ್ತೆ ಹಿಂದೆ ತಿರುಗಿ ನೋಡಿದರು. ಅಲ್ಲಿ ಹಳೇ ಟೈರುಗಳಷ್ಟೇ ಇದ್ದವು.

"ನನಗಾ ಹೇಳಿದ್ದು?"

"ಹ್ಞೂಂ, ನಿಮಗೇ. ಇಲ್ಲೇ ಇರಿ."

ಅತ್ತೆ ಪಿಕಪ್ಪಿನ ಬಾಗಿಲು ಹಿಡಿದು ನಿಂತರು. "ನಾಲ್ಕು ತಿಂಗಳು ಕಾದೆ. ಇವತ್ತು ಇರಿ ಅಂತಾರೇನೋ, ನಾಳೆ ಅಂತಾರೇನೋ ಅಂತ ದಿನಾ ಕಾದೆ. ನಾನಿರೋದು ನಿಮಗೆ ಭಾರ ಅಂದ್ಕೊಂಡು ಮಗನಿಗೆ ನಾನೇ ಫೋನ್ ಮಾಡಿದೆ. ಸೊಸೆ ರೂಮು ಖಾಲಿ ಮಾಡಿಟ್ಟಿದ್ದಾಳೆ. ಮೊಮ್ಮಗು ದಿನ ಎಣಿಸ್ತಿದೆ. ಈಗ ಯಾವ ಬಾಯಲ್ಲಿ ಇಲ್ಲ ಅನ್ನಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವನಿಗೆ ಆದ ಮೊದಲ ನೋವು ಅದು.

ಮೇಸ್ತ್ರಿ ಟೇಪು ಹಿಡಿದು ಬಂದ. "ಯಾವುದು ಸಾರ್, ಕೊನೆಗೆ?"

"ಮೆಟ್ಟಿಲೇ."

ಭಾನುವಾರ ಅತ್ತೆ ಚೀಲ ಹಿಡಿದುಕೊಂಡೇ ಸಲೀಸಾಗಿ ಹತ್ತಿ ಕೂತರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದರು. ಅವಳು ಚಿಕ್ಕವಳಿದ್ದಾಗ ಬಸ್ಸು ಹತ್ತಿದರೆ ಸಾಕು ವಾಂತಿ ಮಾಡುತ್ತಿದ್ದದ್ದು, ಮದುವೆಗೆ ಮೊದಲು ಇವನ ಮೂಗು ದೊಡ್ಡದೆಂದು ಮೂರು ದಿನ ಯೋಚಿಸಿದ್ದು, ಆಸ್ಪತ್ರೆಯಲ್ಲಿ ಕೊನೆಯ ವಾರ ಯಾರಿಗೂ ತಿಳಿಯದಂತೆ ಅತ್ತದ್ದು. ಹನ್ನೆರಡು ವರ್ಷದ ಮಾತಿಗೆ ಮೂರು ಗಂಟೆ ಎಲ್ಲಿ ಸಾಲಬೇಕು? ಮಗನ ಮನೆ ಬಂದೇಬಿಟ್ಟಿತು. ಅವನು ಎಂಜಿನ್ ನಿಲ್ಲಿಸಿ, ಗಾಡಿ ಸುತ್ತಿಕೊಂಡು ಬಿರಬಿರನೆ ಆ ಕಡೆಗೆ ಬಂದು ಕೈ ಚಾಚಿದ.

ಅತ್ತೆ ಆಗಲೇ ಇಳಿದು ನಿಂತಿದ್ದರು.